ಎರಡನೆಯ ವೈದ್ಯರ ಅಭಿಪ್ರಾಯ

ಬೂಕನಬೆಟ್ಟದ ಜಾತ್ರೆಯಲ್ಲಿ ಒಂದು ಜೊತೆ ಎತ್ತನ್ನು ಕೊಳ್ಳುವ ರೈತನು ಹಲ್ಲನ್ನು ಎಣಿಸಿ, ಸುಳಿಯನ್ನು ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ತಿಳಿದವರೊಬ್ಬರನ್ನು ಪಕ್ಕಕ್ಕೆ ಕರೆದು ವಿಚಾರಿಸಿದ ಮೇಲೆಯೇ ಹಣದ ಚೀಲದ ಬಾಯಿ ಬಿಚ್ಚುವನು. ಇದನ್ನು ಯಾರೂ ಅವಿಶ್ವಾಸವೆಂದು ಕರೆಯುವುದಿಲ್ಲ, ವಿವೇಕವೆಂದೇ ಕರೆಯುವರು. ಆದರೆ ಅದೇ ಗೃಹಸ್ಥನು, ತನ್ನ ಹೆಂಡತಿಯ ಹೊಟ್ಟೆಯನ್ನು ಕೊಯ್ಯಬೇಕೆಂದು ಶಸ್ತ್ರವೈದ್ಯರು ಹೇಳಿದಾಗ, ಮನಸ್ಸಿನಲ್ಲಿ ನೂರು ಸಂಶಯಗಳಿದ್ದರೂ, “ಇನ್ನೊಬ್ಬರನ್ನು ಕೇಳಿದರೆ ಡಾಕ್ಟರು ಬೇಸರಪಟ್ಟಾರು” ಎಂದು ಅಂಜಿ, ತೋರಿಸಿದ ಕಡೆ ರುಜು ಹಾಕಿಬಿಡುವನು. ಇಲ್ಲವೆ, ಸಂಶಯವು ಮಿತಿಮೀರಿದರೆ, ಯಾರಿಗೂ ಹೇಳದೆ ಆಸ್ಪತ್ರೆಯಿಂದ ಹೊರಟುಬಂದು, ರೋಗವು ಬಲಿಯುವವರೆಗೂ ಮನೆಯಲ್ಲಿಯೇ ಕುಳಿತುಬಿಡುವನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಮನೆಗಳಲ್ಲಿ ಈ ಎರಡು ಬಗೆಯ ನಡೆವಳಿಕೆಯೂ ಸಾಮಾನ್ಯವಾಗಿರುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನು ಕ್ರಮವಾಗಿ ಪಡೆಯುವುದೇ ಆ ದಾರಿ.

ಇದು ಹೊಸ ಕಾಲದ ಚಪಲವೆಂದು ಹಿರಿಯರು ತಿಳಿಯಬಾರದು. ಸುಶ್ರುತಸಂಹಿತೆಯಲ್ಲಿ ಮೂತ್ರಕೋಶದ ಕಲ್ಲನ್ನು ತೆಗೆಯುವ ಶಸ್ತ್ರಕರ್ಮವನ್ನು ಹೇಳುವಾಗ, ಮಾಡದಿದ್ದರೆ ಮರಣ ನಿಶ್ಚಯ, ಮಾಡಿದರೂ ಫಲ ಸಂದೇಹವೆಂಬುದನ್ನು ತಿಳಿಸಿ, ಒಡೆಯನ ಅನುಮತಿಯನ್ನು ಕೇಳಿಯೇ ಶಸ್ತ್ರವನ್ನು ಹಿಡಿಯಬೇಕೆಂದು ವಿಧಿಸಿದೆ. ಚರಕಸಂಹಿತೆಯ ಉದರಚಿಕಿತ್ಸಾ ಪ್ರಕರಣದಲ್ಲಿಯೂ, ಅಪಾಯಕರವಾದ ಚಿಕಿತ್ಸೆಗೆ ಮೊದಲು ರೋಗಿಯ ಬಂಧುಮಿತ್ರರಿಗೆ ಸಂಶಯವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ವಿಧಿಯುಂಟು. ಒಬ್ಬ ವೈದ್ಯನು ಇನ್ನೊಬ್ಬ ವೈದ್ಯನೊಡನೆ ಸಂಭಾಷಿಸಬೇಕು, ಅದರಿಂದ ಸಂಶಯವು ಕಳೆಯುವುದು ಎಂದು ಅದೇ ಗ್ರಂಥದ ವಿಮಾನಸ್ಥಾನವು ಹೇಳುತ್ತದೆ. ಕೇಳುವುದು ರೋಗಿಯ ಕಡೆಯವರಿಗೂ ಕೇಳಿಸಿಕೊಳ್ಳುವುದು ವೈದ್ಯನಿಗೂ ಧರ್ಮವೆಂದು ನಮ್ಮವರು ಹಿಂದೆಯೇ ತಿಳಿದಿದ್ದರು.

ಇಂದಿನ ನ್ಯಾಯವೂ ಇದನ್ನೇ ಹೇಳುವುದು. ೧೯೯೫ರಲ್ಲಿ ದೆಹಲಿಯಲ್ಲಿ ನಲವತ್ತನಾಲ್ಕು ವರ್ಷದ ಮಹಿಳೆಯೊಬ್ಬರು ಹೊಟ್ಟೆಯೊಳಗನ್ನು ದುರ್ಬೀನಿನಿಂದ ಪರೀಕ್ಷಿಸುವುದಕ್ಕೆ ಮಾತ್ರ ಒಪ್ಪಿ ಮಲಗಿದ್ದರು. ಅವರಿಗೆ ಪ್ರಜ್ಞೆಯಿಲ್ಲದಿರುವಾಗ ತಾಯಿಯಿಂದ ರುಜು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಡಲಾಯಿತು. ಸಮೀರಾ ಕೊಹ್ಲಿ ಪ್ರಕರಣವೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೨೦೦೮ರ ಜನವರಿಯಲ್ಲಿ ತೀರ್ಪಿತ್ತು, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗಲಾರದೆಂದೂ, ಪ್ರಾಣಾಪಾಯವಿಲ್ಲದಾಗ ಬುದ್ಧಿಸ್ವಾಧೀನವುಳ್ಳ ರೋಗಿಯ ಬದಲಿಗೆ ಬೇರೊಬ್ಬರು ಒಪ್ಪತಕ್ಕದ್ದಲ್ಲವೆಂದೂ ನಿರ್ಣಯಿಸಿತು. ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಬೇರೆ ಮಾರ್ಗಗಳು, ಮುಖ್ಯವಾದ ಅಪಾಯಗಳು, ಮಾಡಿಸದಿದ್ದರೆ ಆಗುವ ಪರಿಣಾಮ ಇವನ್ನು ರೋಗಿಗೆ ತಿಳಿಯಹೇಳಬೇಕೆಂದು ಅಲ್ಲಿ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೧೮ರಲ್ಲಿ ಸಿದ್ಧಪಡಿಸಿದ ರೋಗಿಗಳ ೧೭ ಹಕ್ಕುಗಳ ಪಟ್ಟಿಯಲ್ಲಿ ಎರಡನೆಯ ಅಭಿಪ್ರಾಯವನ್ನು ಪಡೆಯುವುದೂ ಒಂದು ಹಕ್ಕಾಗಿ ಸೇರಿದೆ.

ಕೇಳದೆ ಇದ್ದುದರಿಂದ ಆದ ಅನರ್ಥವು ನಮ್ಮ ನಾಡಿನಲ್ಲಿಯೇ ನಡೆದಿದೆ. ೨೦೧೫ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರು ಬೀದಿಗೆ ಬಂದು ತಮ್ಮ ದುಃಖವನ್ನು ತೋಡಿಕೊಂಡರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಎಷ್ಟೋ ಬಡವರಿಗೆ, ಇನ್ನೂ ನಲವತ್ತು ತುಂಬದವರಿಗೂ ಸಹ, ಗರ್ಭಕೋಶವನ್ನು ತೆಗೆಯದಿದ್ದರೆ ಕ್ಯಾನ್ಸರ್ ಆಗುವುದೆಂದು ಹೆದರಿಸಿ ಶಸ್ತ್ರಚಿಕಿತ್ಸೆ ಮಾಡಿದ ಸಂಗತಿ ಹೊರಬಿದ್ದು, ಸರ್ಕಾರದ ವಿಚಾರಣೆ ನಡೆಯಿತು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರ ಸರ್ಕಾರದ ಸೂಚನೆಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು ೨೦೨೩ರ ಏಪ್ರಿಲಿನಲ್ಲಿ ಆಜ್ಞಾಪಿಸಿತು. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯಗಳನ್ನೂ ತೆಗೆದರೆ ಎಲುಬು ಬೇಗನೆ ಸವೆಯುವುದು. ಹೋದ ಅಂಗವು ಮತ್ತೆ ಬಾರದು. ಆ ಹೆಂಗಸರಲ್ಲಿ ಕೆಲವರಾದರೂ ಇನ್ನೊಬ್ಬ ವೈದ್ಯರ ಬಾಗಿಲಿಗೆ ಹೋಗಿದ್ದರೆ ಎಂಬ ಚಿಂತೆಯು ಓದುವವರ ಮನಸ್ಸನ್ನು ಕಲಕದೆ ಇರದು.

ಹಾಗೆಂದು ಎಲ್ಲ ಸಮಯದಲ್ಲಿಯೂ ಕಾಯುವುದು ಸಲ್ಲದು. ಅಪಘಾತದ ರಕ್ತಸ್ರಾವ, ತಲೆಗೆ ಬಿದ್ದ ಪೆಟ್ಟು, ಹೆರಿಗೆಯಲ್ಲಿ ಮಗು ಅಡ್ಡವಾಗಿ ನಿಲ್ಲುವುದು, ಸಿಕ್ಕಿಕೊಂಡ ಹರ್ನಿಯ, ಸೋಂಕಿ ಬಾತ ಅಪೆಂಡಿಕ್ಸ್, ಬೆನ್ನುನೋವಿನೊಡನೆ ಕಾಲಿನ ಶಕ್ತಿ ಕುಂದಿ ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಒಂದೊಂದು ಗಳಿಗೆಯೂ ಅಮೂಲ್ಯ. ಅಲ್ಲಿ ಎರಡನೆಯವರನ್ನು ಹುಡುಕುತ್ತ ಬಸ್ಸು ಹತ್ತಿದರೆ ಪ್ರಾಣಕ್ಕೇ ಮೋಸ. ಆದಕಾರಣ ಗೃಹಸ್ಥನು ಕೇಳತಕ್ಕ ಮೊದಲನೆಯ ಪ್ರಶ್ನೆ ಇದು: “ಸ್ವಾಮಿ, ಒಂದು ವಾರ ತಡೆದರೆ ಅಪಾಯವುಂಟೋ?” ಇಲ್ಲವೆಂದು ವೈದ್ಯರೇ ಹೇಳಿದರೆ ವಿಚಾರಿಸುವುದಕ್ಕೆ ಅವಕಾಶವುಂಟೆಂದು ತಿಳಿಯಬಹುದು. ಗರ್ಭಕೋಶ, ಮಂಡಿಯ ಕೀಲನ್ನು ಬದಲಿಸುವುದು, ಬೆನ್ನೆಲುಬಿನ ಡಿಸ್ಕ್, ಗಳಗಂಡ, ನೋವನ್ನು ಕೊಡದೆ ಸ್ಕ್ಯಾನಿನಲ್ಲಿ ಮಾತ್ರ ಕಂಡ ಪಿತ್ತಕೋಶದ ಕಲ್ಲು ಇವು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರಿದವು.

ಎರಡನೆಯವರ ಬಳಿಗೆ ಬರಿಗೈಯಲ್ಲಿ ಹೋಗಬಾರದು. ರಕ್ತಪರೀಕ್ಷೆಯ ಚೀಟಿಗಳು, ಸ್ಕ್ಯಾನಿನ ವರದಿ ಮಾತ್ರವಲ್ಲದೆ ಅದರ ಫಿಲ್ಮು, ಗಂಟಿನ ತುಣುಕನ್ನು ಪರೀಕ್ಷಿಸಿದ್ದರೆ ಆ ಗಾಜಿನ ಸ್ಲೈಡು, ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು ಇಷ್ಟೂ ಜೊತೆಯಲ್ಲಿರಬೇಕು. ಇವನ್ನು ಕೇಳಲು ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಗಳ ಪ್ರಕಾರ, ರೋಗಿಯು ಕೇಳಿದ ೭೨ ಗಂಟೆಗಳೊಳಗೆ ದಾಖಲೆಗಳನ್ನು ಕೊಡತಕ್ಕದ್ದು. ಹೊಸ ವೈದ್ಯರು ಮೊದಲನೆಯವರ ಗೆಳೆಯರಾಗಲಿ ಅದೇ ಆಸ್ಪತ್ರೆಯವರಾಗಲಿ ಆಗಿರದಿದ್ದರೆ ಮೇಲು. ತಾಲ್ಲೂಕಿನ ಆಸ್ಪತ್ರೆಯಲ್ಲಿ ತೋರಿಸಿದವರು ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ ಹೋಗಬಹುದು. ೨೦೦೬ರಲ್ಲಿ ಸ್ಥಾಪಿತವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಅದಕ್ಕೆ ಸೇರಿರುವುದರಿಂದ ಬೇರೆ ಬೇರೆ ವಿಭಾಗಗಳ ತಜ್ಞರು ಅಲ್ಲಿ ದೊರೆಯುವರು. ಚನ್ನರಾಯಪಟ್ಟಣದವರಿಗೆ ಬೆಂಗಳೂರಿನ ಹಾದಿಯಲ್ಲಿ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಹೊಳೆನರಸೀಪುರದವರಿಗೆ ಮೈಸೂರಿನ ರೈಲು ಊರಿನಲ್ಲಿಯೇ ನಿಲ್ಲುವುದು. ಅರಕಲಗೂಡಿನವರಿಗೆ ರೈಲಿಲ್ಲದಿದ್ದರೂ ಮೈಸೂರಿಗೆ ಬಸ್ಸುಂಟು. ಅಲ್ಲಿ ದೊಡ್ಡಾಸ್ಪತ್ರೆಯೆಂದು ಹೆಸರಾದ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. ಆಯುಷ್ಮಾನ್ ಯೋಜನೆಯ ಚೀಟಿಯುಳ್ಳವರು ಆಸ್ಪತ್ರೆಯನ್ನು ಬದಲಿಸುವುದಕ್ಕೆ ಮುಂಚೆ ಶಿಫಾರಸು ಪತ್ರದ ವಿಷಯವನ್ನು ವಿಚಾರಿಸಿಕೊಳ್ಳಬೇಕು.

ಅಲ್ಲಿ ಹೋದಮೇಲೆ ಮೊದಲನೆಯ ವೈದ್ಯರನ್ನು ದೂರುತ್ತ ಕೂಡಬಾರದು. ರೋಗವೇನು, ಶಸ್ತ್ರಚಿಕಿತ್ಸೆಯಲ್ಲದೆ ಬೇರೆ ಉಪಾಯವುಂಟೇ, ಸುಮ್ಮನಿದ್ದರೆ ಏನಾದೀತು, ಈ ಕೆಲಸವನ್ನು ತಾವು ಎಷ್ಟು ಸಲ ಮಾಡಿದ್ದೀರಿ ಎಂಬ ನಾಲ್ಕು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ ಉತ್ತರವನ್ನೂ ಬರೆದುಕೊಳ್ಳಬೇಕು. ರೋಗಿಯು ಹೆಂಗಸಾದರೆ ಅವಳೇ ಮಾತನಾಡುವಂತೆ ಬಿಡಬೇಕು, ನೋವು ಅವಳದು. ಇಬ್ಬರ ಮಾತೂ ಬೇರೆಯಾದರೆ ಕಾರಣವನ್ನು ಕೇಳಿ, ಅವಶ್ಯವಿದ್ದಲ್ಲಿ ಮೂರನೆಯವರನ್ನು ಕಾಣಬಹುದು. ತನಗೆ ಇಷ್ಟವಾದ ಉತ್ತರವು ಸಿಕ್ಕುವವರೆಗೆ ಊರೂರು ಸುತ್ತುವುದು ಮಾತ್ರ ರೋಗಕ್ಕೆ ಕಾಲವನ್ನು ಕೊಟ್ಟಂತೆ.

ನನಗೆ ಪರಿಚಿತರಾದ ಹೊಳೆನರಸೀಪುರದ ಕಡೆಯ ಒಕ್ಕಲಿಗರ ಮನೆಯೊಂದರಲ್ಲಿ ಯಜಮಾನಿಗೆ ಪಿತ್ತಕೋಶದ ಕಲ್ಲಿನಿಂದ ಮೇಲಿಂದ ಮೇಲೆ ನೋವು ಬರುತ್ತಿತ್ತು. ಹಾಸನದ ಶಸ್ತ್ರವೈದ್ಯರು ಪಿತ್ತಕೋಶವನ್ನು ತೆಗೆಯಬೇಕೆಂದರು. ಕೆಲಸದ ಒತ್ತಡದಲ್ಲಿ ಹೆಚ್ಚು ವಿವರಿಸಲಿಲ್ಲ. ಆಕೆ ಹೆದರಿ ಊಟ ಬಿಟ್ಟರು. ಯಜಮಾನರು ಧೈರ್ಯಮಾಡಿ, “ಮೈಸೂರಿನಲ್ಲಿ ಒಂದು ಮಾತು ಕೇಳಿಕೊಂಡು ಬರುತ್ತೇವೆ, ಸ್ವಾಮಿ” ಎಂದರು. “ಅವಶ್ಯವಾಗಿ ಕೇಳಿ ಬನ್ನಿ, ಯಜಮಾನರೇ, ಈ ಫಿಲ್ಮನ್ನೂ ತೆಗೆದುಕೊಂಡು ಹೋಗಿ” ಎಂದು ಆ ವೈದ್ಯರೇ ಕಾಗದಗಳನ್ನು ಕೊಟ್ಟರು. ಮೈಸೂರಿನವರೂ ಅದೇ ಮಾತನ್ನು ಹೇಳಿದರು. ಆದರೆ ನೋವು ಪದೇ ಪದೇ ಬರುವಾಗ ಏಕೆ ಬಿಡಬಾರದು, ಆಮೇಲೆ ಊಟ ಹೇಗೆ ಎಂಬುದನ್ನು ಚಿತ್ರ ಬರೆದು ತೋರಿಸಿದರು. ಆಕೆ ಮತ್ತೆ ಹಾಸನದ ವೈದ್ಯರಲ್ಲಿಯೇ ಚಿಕಿತ್ಸೆ ಮಾಡಿಸಿಕೊಂಡು ಮೂರನೆಯ ದಿನ ಮನೆಗೆ ಬಂದರು. ಉತ್ತರವು ಬದಲಾಗಲಿಲ್ಲ, ಭಯವು ಹೋಯಿತು. ಇದೂ ದೊಡ್ಡ ಲಾಭವೇ.

ಅಮೆರಿಕದ ಹೆಸರಾಂತ ಮೇಯೊ ಕ್ಲಿನಿಕ್ಕಿನವರು, ಬೇರೆ ವೈದ್ಯರು ಕಳುಹಿಸಿದ ೨೮೬ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನೂರಕ್ಕೆ ೧೨ ಮಂದಿಗೆ ಮೊದಲಿನ ನಿದಾನವೇ ನಿಂತಿತು. ೨೧ ಮಂದಿಗೆ ಬೇರೆಯೇ ಆಯಿತು. ೬೬ ಮಂದಿಗೆ ಮೊದಲಿನದೇ ಇನ್ನೂ ಸ್ಪಷ್ಟವಾಯಿತು. ಅವರು ಕಠಿನವಾದ ರೋಗವುಳ್ಳವರಾದುದರಿಂದ ಈ ಪ್ರಮಾಣವು ಎಲ್ಲರಿಗೂ ಅನ್ವಯಿಸದು. ಮೊದಲನೆಯವರು ತಪ್ಪಿದ್ದಾರೆಂದು ತೋರಿಸುವುದೇ ಎರಡನೆಯ ಅಭಿಪ್ರಾಯದ ಉದ್ದೇಶವಲ್ಲವೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುವುದು.

ಶಸ್ತ್ರಚಿಕಿತ್ಸೆಯಾದ ಮೇಲೆ ಗಾಯ ಮಾಯದಿದ್ದರೆ, ಜ್ವರ ನಿಲ್ಲದಿದ್ದರೆ, ಮೊದಲು ಅದೇ ವೈದ್ಯರಿಗೆ ತಿಳಿಸಬೇಕು; ಒಳಗೆ ಮಾಡಿದ ಕೆಲಸವನ್ನು ಬಲ್ಲವರು ಅವರೇ. ಸಮಾಧಾನವಾಗದಿದ್ದರೆ ಬಿಡುಗಡೆಯ ಚೀಟಿಯೊಡನೆ ಬೇರೆ ಕಡೆ ತೋರಿಸಬೇಕು. ನಿಜವಾದ ಅಲಕ್ಷ್ಯವೇ ನಡೆದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಎರಡು ವರ್ಷಗಳೊಳಗೆ ಜಿಲ್ಲೆಯ ಗ್ರಾಹಕರ ಆಯೋಗದ ಮುಂದೆಯೂ ಹೋಗಬಹುದು. ಆದರೆ ವ್ಯಾಜ್ಯದಿಂದ ಹಣ ಬಂದೀತೇ ಹೊರತು ಆರೋಗ್ಯವು ಬಾರದು. ಕೇಳಬೇಕಾದ ಮಾತನ್ನು ರುಜು ಹಾಕುವುದಕ್ಕೆ ಮುಂಚೆಯೇ, ವಿನಯದಿಂದ, ಬಾಯಿಬಿಟ್ಟು ಕೇಳುವುದು ಗೃಹಸ್ಥರಿಗೆ ಕ್ಷೇಮಕರ. ಅಂಥ ಪ್ರಶ್ನೆಗೆ ಒಳ್ಳೆಯ ವೈದ್ಯರು ಮುನಿಯುವುದಿಲ್ಲ. ಮುನಿಯುವವರಾದರೆ, ಇನ್ನೊಬ್ಬರನ್ನು ಕಾಣುವುದಕ್ಕೆ ಅದೇ ಸಾಕಾದ ಕಾರಣವಾಗಿರುವುದು.