ಬಿಲ್ಲಿಂಗ್ ತಂತ್ರಾಂಶ: ದೋಷವನ್ನು ಬಾಗಿಲಲ್ಲೇ ತಡೆಯುವ ಬಗೆ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದುದು ಸದಸ್ಯರಿಗೆ ತಿಳಿದೇ ಇದೆ. ಪೊಟ್ಟಣದ ಮಿಕ್ಸ್ಚರ್, ಭುಜಿಯಾಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ನನ್ನ ಕಕ್ಷಿದಾರರಾದ ತಯಾರಕರೊಬ್ಬರ ಬಿಲ್ಲಿಂಗ್ ತಂತ್ರಾಂಶದಲ್ಲಿ ಹೊಸ ದರ ಸಕಾಲಕ್ಕೆ ಬಂದಿತು. ಆದರೆ ಹಳೆಯ ಬಿಲ್ಲಿನ ಸರಕು ವಾಪಸಾದಾಗಲೂ ಕ್ರೆಡಿಟ್ ನೋಟ್ ಶೇ. 5ರಂತೆಯೇ ಮುದ್ರಿತವಾಗತೊಡಗಿತು. ಮೂಲ ಬಿಲ್ಲಿನ ದರವೇ ಅದಕ್ಕೂ ಅನ್ವಯಿಸತಕ್ಕದ್ದು. 1,00,000 ರೂ. ಸರಕಿಗೆ 12,000 ರೂ. ತೆರಿಗೆ ವಿಧಿಸಿ, ವಾಪಸಾತಿಯಲ್ಲಿ 5,000 ರೂ. ಮಾತ್ರ ತೋರಿಸಿದರೆ ಉಳಿದ 7,000 ರೂ.ಗಾಗಿ ಖರೀದಿದಾರರು ತಕರಾರು ತೆಗೆಯುವುದು ಸಹಜ.

ವಿಚಾರಿಸಿದಾಗ ತಿಳಿದುದಿಷ್ಟು. ತಂತ್ರಾಂಶ ಸಂಸ್ಥೆಯ ಐವರು ಯುವಕರು ಒಂದೇ ಸಾಮಾನ್ಯ ಕೋಡ್ ಭಂಡಾರದಲ್ಲಿ ಕೆಲಸ ಮಾಡುತ್ತಾರೆ. ಇದನ್ನು ನಿರ್ವಹಿಸುವುದು ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ಸಾಧನ. ಒಬ್ಬರು ಬದಲಿಸಿದ ಸಾಲು ಯಾರ ಪರಿಶೀಲನೆಯೂ ಇಲ್ಲದೆ ಭಂಡಾರ ಸೇರಿತು, ಅಲ್ಲಿಂದ ಎಲ್ಲ ಗ್ರಾಹಕರಿಗೂ ಹೋಯಿತು. ಮಂಜೂರಾಗದ ವೋಚರನ್ನು ಗುಮಾಸ್ತರು ಲೆಡ್ಜರಿಗೆ ಏರಿಸಿದಂತೆಯೇ ಇದು.

ತಡೆಯಲು ಎರಡು ಬಾಗಿಲುಗಳುಂಟು. ಮೊದಲನೆಯದು ಪ್ರೋಗ್ರಾಮರರ ಗಣಕಯಂತ್ರದಲ್ಲೇ ಇರುವ ಪ್ರೀ-ಕಮಿಟ್ ಹುಕ್. ಬದಲಾವಣೆ ದಾಖಲಿಸುವ ಮುನ್ನ ಇದು ಪರೀಕ್ಷೆ ನಡೆಸಿ, ವಿಫಲವಾದರೆ ತಡೆಯುತ್ತದೆ. ಶೀಘ್ರವಾದುದು, ಆದರೆ ಆದೇಶಕ್ಕೆ ಒಂದು ಪದ ಸೇರಿಸಿದರೆ ಇದನ್ನು ದಾಟಿಹೋಗಬಹುದು. ಹೊಸಬರು ಭಂಡಾರದ ಪ್ರತಿ ಪಡೆದಾಗ ಇದು ತಾನಾಗಿ ಜೊತೆಗೆ ಬರುವುದೂ ಇಲ್ಲ. ಆದ್ದರಿಂದ ಎರಡನೆಯ ಬಾಗಿಲೇ ಮುಖ್ಯ. ಅಲ್ಲಿ ಬದಲಾವಣೆಯು ಮೊದಲು ಪ್ರತ್ಯೇಕ ಶಾಖೆಯಲ್ಲಿ ನಿಲ್ಲುತ್ತದೆ. ಸರ್ವರ್ ತಾನೇ ಎಲ್ಲ ಪರೀಕ್ಷೆಗಳನ್ನು ನಡೆಸುತ್ತದೆ, ಇನ್ನೊಬ್ಬ ಪ್ರೋಗ್ರಾಮರ್ ಓದಿ ಒಪ್ಪಿಗೆ ನೀಡುತ್ತಾರೆ. ಇವೆರಡೂ ಆಗದೆ ಮುಖ್ಯ ಶಾಖೆಗೆ ಪ್ರವೇಶವಿಲ್ಲ. ಮೇಲ್ವಿಚಾರಕರಿಗೂ ವಿನಾಯಿತಿ ಇರದಂತೆ ಮಾಡಬಹುದು. ಹಾಗೆ ಮಾಡಿದ್ದಾರೆಯೇ ಎಂದು ಕೇಳಿ ನೋಡಿ. ಲೆಕ್ಕಪರಿಶೋಧಕನ ಅನುಭವದಲ್ಲಿ ನಿಯಮ ಸಡಿಲವಾಗುವುದು ಮೇಲಿನಿಂದಲೇ.

ಆದರೂ ಒಂದು ಮಾತು. ಹಳೆಯ ಬಿಲ್ಲಿಗೆ ಹಳೆಯ ದರ ಎಂಬ ಪರೀಕ್ಷೆಯನ್ನೇ ಯಾರೂ ಬರೆದಿರಲಿಲ್ಲವಾದ್ದರಿಂದ, ಸರ್ವರ್ ಈ ದೋಷವನ್ನು ಹಾಗೆಯೇ ಒಳಬಿಡುತ್ತಿತ್ತು. ಯಂತ್ರಕ್ಕೆ ನಮ್ಮ ವ್ಯಾಪಾರ ತಿಳಿಯದು. ವಾಪಸಾತಿ, ಅಂತರರಾಜ್ಯ ಮಾರಾಟ, ರದ್ದಾದ ಬಿಲ್ಲು, ಪೈಸೆಯ ರೌಂಡ್-ಆಫ್ ಇವುಗಳ ಹತ್ತಾರು ಮಾದರಿಗಳನ್ನು ಸರಿಯಾದ ಉತ್ತರಸಹಿತ ಒದಗಿಸಬೇಕಾದವರು ನಾವೇ. ಮುಂದೆ ಕಂಡ ಪ್ರತಿ ದೋಷವೂ ಹೊಸ ಪರೀಕ್ಷೆಯಾಗಿ ಸೇರತಕ್ಕದ್ದು.

ನನ್ನ ಕಕ್ಷಿದಾರರು ವಾರ್ಷಿಕ ನಿರ್ವಹಣಾ ಕರಾರಿನ ನವೀಕರಣದಲ್ಲಿ ಇದನ್ನು ಷರತ್ತಾಗಿಸಿದರು. ಸಂಸ್ಥೆಯವರು ಮೊದಲು ಹೆಚ್ಚುವರಿ ಶುಲ್ಕ ಕೇಳಿದರು. ತಪ್ಪಾದ ಕ್ರೆಡಿಟ್ ನೋಟುಗಳ ಕಂತೆಯನ್ನು ಮೇಜಿನ ಮೇಲಿಟ್ಟ ಬಳಿಕ ಒಪ್ಪಿದರು.