ಹಂಚಿಕೆಯ ಕಡತಗಳೂ ಜಾಲವಿಳಾಸಗಳ ವಹಿಯೂ

ಒಂದು ಗಣಕಯಂತ್ರದಲ್ಲಿರುವ ಕಡತಗಳನ್ನು ಬೇರೆ ಯಂತ್ರಗಳು ತಮ್ಮವೇ ಎಂಬಂತೆ ತೆರೆದು ಬಳಸುವ ಏರ್ಪಾಡು ಕಾಲೇಜುಗಳಲ್ಲಿ ಇಂದು ಅಪರೂಪವಾದುದಲ್ಲ. ಇಂತಹ ಏರ್ಪಾಡುಗಳಲ್ಲಿ ಪ್ರಸಿದ್ಧವಾದುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್. ಯಾವ ಯಂತ್ರಕ್ಕೆ ಪ್ರವೇಶವುಂಟು, ಯಾವುದಕ್ಕಿಲ್ಲ ಎಂಬುದನ್ನು ಇದರಲ್ಲಿ ಸಾಮಾನ್ಯವಾಗಿ ಆ ಯಂತ್ರದ ಜಾಲವಿಳಾಸದಿಂದ, ಅಂದರೆ ಐಪಿ ಸಂಖ್ಯೆಯಿಂದ, ನಿರ್ಣಯಿಸಲಾಗುತ್ತದೆ. ಆ ಸಂಖ್ಯೆಗಳನ್ನು ಹೇಗೆ ದಾಖಲಿಸಿಡತಕ್ಕದ್ದು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ವರದಾ ತೀರದ ಹೊಸರಿತ್ತಿಯಂತಹ ಗ್ರಾಮದಲ್ಲಿ ವಿದ್ಯಾರ್ಥಿಗಳು ವೃದ್ಧೆಯರಿಂದ ಬೀಸುಕಲ್ಲಿನ ಪದಗಳನ್ನೂ ಸೋಬಾನೆಗಳನ್ನೂ ಧ್ವನಿಮುದ್ರಿಸಿ ತಂದಿದ್ದಾರೆಂದು ಭಾವಿಸೋಣ. ಕಡತಗಳೆಲ್ಲ 192.168.10.5 ಎಂಬ ಸಂಖ್ಯೆಯ ಸರ್ವರಿನಲ್ಲಿವೆ. ಪ್ರಯೋಗಾಲಯದ ಇತರ ಯಂತ್ರಗಳಿಗೆ ಕೇಳುವ ಹಕ್ಕು ಮಾತ್ರ. ಪರಿಷ್ಕರಣದ ಯಂತ್ರವಾದ 192.168.10.21ಕ್ಕೆ ತಿದ್ದುವ, ಅಳಿಸುವ ಹಕ್ಕೂ ಉಂಟು. ಸರ್ವರಿನ 'ಎಕ್ಸ್‌ಪೋರ್ಟ್ಸ್' ಎಂಬ ಕಡತದಲ್ಲಿ ಇದಿಷ್ಟೂ ಕೆಲವೇ ಸಾಲುಗಳಲ್ಲಿ ಅಡಗಿರುತ್ತದೆ: ಯಾವ ಕೋಶ, ಯಾವ ಸಂಖ್ಯೆಗೆ, ಯಾವ ಹಕ್ಕಿನಿಂದ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆಯ ವಾಚಕರಿಗೆ ಇದು ಅಪರಿಚಿತವೆನಿಸದು. ಹೊಲದ ಉತಾರವೂ ಇಂತಹುದೇ: ಸರ್ವೆ ನಂಬರು, ಹಿಡುವಳಿದಾರ, ಹಕ್ಕಿನ ಸ್ವರೂಪ. ಆದರೆ ಉತಾರವು ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆ ಹಕ್ಕು ಯಾರಿಂದ, ಯಾವಾಗ, ಯಾವ ಕಾರಣದಿಂದ ಬಂದಿತೆಂಬ ವೃತ್ತಾಂತವಿರುವುದು ಹಕ್ಕು ಬದಲಾವಣೆಯ ವಹಿಯಲ್ಲಿ. ಉತಾರದಲ್ಲಿ ಅದರ ಕ್ರಮಾಂಕ ಮಾತ್ರ ಕಾಣುತ್ತದೆ. ಎಕ್ಸ್‌ಪೋರ್ಟ್ಸ್ ಕಡತವು ನಮ್ಮ ಉತಾರ. ಬದಲಾವಣೆಯ ವಹಿಯನ್ನು ಯಂತ್ರವು ತಾನಾಗಿ ಬರೆದುಕೊಡುವುದಿಲ್ಲ. ಬಹುಮಟ್ಟಿನ ಪ್ರಯೋಗಾಲಯಗಳಲ್ಲಿ ಅದು ಇರುವುದೇ ಇಲ್ಲ.

(ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಸರ್ವೆ ನಂಬರು 45/2 ಎಂದರೆ 45ನೆಯ ನಂಬರಿನ ಎರಡನೆಯ ಹಿಸ್ಸೆ. 192.168.10.0/24 ಎಂಬಲ್ಲಿನ ಓರೆಗೆರೆಯ ಅರ್ಥವೇ ಬೇರೆ: ವಿಳಾಸದ 32 ದ್ವಿಮಾನ ಅಂಕಗಳಲ್ಲಿ ಮೊದಲಿನ 24 ಸ್ಥಿರವೆಂದೂ, ಉಳಿದ 8ರಿಂದ 256 ಸಂಖ್ಯೆಗಳಾಗುವುವೆಂದೂ ತಿಳಿಯತಕ್ಕದ್ದು. ಇಲ್ಲಿ ಓರೆಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಕ್ಷೇತ್ರವು ಕಿರಿದಾಗುತ್ತದೆ.)

ವಹಿಯಿಲ್ಲದಿದ್ದರೆ ಆಗುವ ಹಾನಿಯೇನು? ಡಿಎಚ್‌ಸಿಪಿ ಪದ್ಧತಿಯಲ್ಲಿ ಯಂತ್ರಗಳಿಗೆ ಸಂಖ್ಯೆಗಳನ್ನು ಗೊತ್ತಾದ ಅವಧಿಗೆ ಕಡವಾಗಿ ಕೊಡಲಾಗುತ್ತದೆ. ಪರಿಷ್ಕರಣದ ಯಂತ್ರವು ಬೇಸಗೆಯ ರಜೆಯಲ್ಲಿ ಮುಚ್ಚಿದ್ದು, ಅವಧಿ ತೀರಿತೆಂದಿಟ್ಟುಕೊಳ್ಳಿ. 21 ಎಂಬ ಸಂಖ್ಯೆಯು ಮತ್ತೊಂದು ಯಂತ್ರಕ್ಕೆ ಹೋಗಬಹುದು. ಸರ್ವರು ನೋಡುವುದು ಸಂಖ್ಯೆಯನ್ನು. ಅಳಿಸುವ ಹಕ್ಕು ಹೊಸಬನ ಕೈಸೇರುತ್ತದೆ. ಸಾಧಾರಣ ಏರ್ಪಾಡಿನಲ್ಲಿ ಬಳಕೆದಾರನ ಕ್ರಮಾಂಕವನ್ನೂ ಕೇಳುವ ಯಂತ್ರವೇ ಹೇಳಿಕಳಿಸುತ್ತದೆ, ಸರ್ವರು ನಂಬುತ್ತದೆ. ಆ ಯಂತ್ರದಲ್ಲಿ ಅದೇ ಕ್ರಮಾಂಕದ ಬೇರೊಬ್ಬನಿದ್ದರೆ ತಡೆಯುವವರಿಲ್ಲ. ಹಾಡಿದ ಮುದುಕಿಯು ಈಗ ಇಲ್ಲವಾದರೆ, ಪ್ರತಿಯಿಲ್ಲದೆ ಅಳಿದುಹೋದ ಪದವನ್ನು ಎಲ್ಲಿಂದ ತರುವುದು? ಆದುದರಿಂದ ಪ್ರತಿಯೊಂದು ಯಂತ್ರದ ಜಾಲಫಲಕಕ್ಕೆ ತಯಾರಕರು ಕೊಟ್ಟ 48 ದ್ವಿಮಾನಾಂಕಗಳ ಗುರುತನ್ನು ಬರೆದುಕೊಂಡು, ಆ ಗುರುತಿಗೆ ಸಂಖ್ಯೆಯನ್ನು ಕಾಯ್ದಿರಿಸುವುದು ಯುಕ್ತ. ಕೆರ್ಬರೋಸ್ ಎಂಬ ದೃಢೀಕರಣ ಪದ್ಧತಿಯನ್ನು ಕೂಡಿಸಿದರೆ ಸಂಖ್ಯೆಯ ಮೇಲಣ ಈ ಅವಲಂಬನೆ ಬಹಳಷ್ಟು ತಗ್ಗುತ್ತದೆ. ಆದರೆ ಅದನ್ನು ನಿರ್ವಹಿಸುವ ಶ್ರಮವು ಸಣ್ಣ ಕಾಲೇಜಿಗೆ ಹೊರೆಯೇ ಸರಿ.

ಲಿನಕ್ಸ್ ಸರ್ವರುಗಳಲ್ಲಿ ಇನ್ನೂ ಸೂಕ್ಷ್ಮವಾದ ಅಪಾಯವೊಂದುಂಟು. ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಸಂಖ್ಯೆಗೆ ತಗಲಿದಂತೆಯೇ ಆವರಣದೊಳಗೆ ಹಕ್ಕನ್ನು ಬರೆಯತಕ್ಕದ್ದು. ನಡುವೆ ಒಂದಕ್ಷರದ ತೆರಪು ಬಿದ್ದರೆ ಆ ಸಂಖ್ಯೆಗೆ ಓದುವ ಹಕ್ಕಷ್ಟೇ ಉಳಿದು, ಆವರಣದೊಳಗಿನ ತಿದ್ದುವ ಹಕ್ಕು ಸರ್ವರನ್ನು ತಲುಪಬಲ್ಲ ಸಕಲ ಯಂತ್ರಗಳಿಗೂ ಸಲ್ಲುತ್ತದೆ! ಕಣ್ಣಿಗೆ ಬೀಳದ ಇಂತಹ ವ್ಯತ್ಯಾಸವನ್ನು ಹಿಡಿಯಬೇಕಾದರೆ, ಉದ್ದೇಶವೇನಿತ್ತೆಂಬುದು ಬೇರೊಂದೆಡೆ ಮಾತಿನಲ್ಲಿ ಬರೆದಿರಬೇಕು. '21ಕ್ಕೆ ಮಾತ್ರ ತಿದ್ದುವ ಹಕ್ಕು, ಪದಗಳ ಪರಿಷ್ಕರಣಕ್ಕಾಗಿ, ಇಂಥ ದಿನದಿಂದ ಇಂಥ ದಿನದವರೆಗೆ, ಕೊಟ್ಟವರು ಇಂಥವರು' ಎಂಬ ಒಂದು ಸಾಲು ಸಾಕು.

ಕೈಬರಹದ ಶ್ರದ್ಧೆಯಿಂದ ಸಂಖ್ಯೆಗಳನ್ನು ಕಾಯುವುದು ಹಳೆಯ ಪದ್ಧತಿಯೇ. 1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ಟಿನ ಯಂತ್ರಗಳ ಹೆಸರು-ಸಂಖ್ಯೆಗಳೆಲ್ಲವನ್ನೂ ಕ್ಯಾಲಿಫೋರ್ನಿಯದ ಒಂದು ಕಚೇರಿಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ಸಂಗಡಿಗರು ಒಂದೇ ಪಟ್ಟಿಯಲ್ಲಿ ನಿರ್ವಹಿಸುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ಅಸಾಧ್ಯವಾಗಿ, 1983ರಲ್ಲಿ ಡಿಎನ್‌ಎಸ್ ಪದ್ಧತಿಯು ರೂಪುಗೊಂಡಿತು. ಇಪ್ಪತ್ತು ಮೂವತ್ತು ಯಂತ್ರಗಳ ಪ್ರಯೋಗಾಲಯಕ್ಕಾದರೋ ಒಂದು ವಹಿಯೇ ಧಾರಾಳವಾಯಿತು. ಅದರ ಪ್ರತಿಯು ಆ ಸರ್ವರಿನಲ್ಲಿ ಮಾತ್ರ ಇರಕೂಡದು. ಸರ್ವರು ಕೆಟ್ಟ ದಿನವೇ ಅದು ಬೇಕಾಗುವುದು. ಕಾಗದದ ಪ್ರತಿಯೊಂದನ್ನು ಕಪಾಟಿನಲ್ಲಿಡುವುದನ್ನು ನಾವು ಹಳೆಯ ಕಾಲದ ಪದ್ಧತಿಯೆಂದು ತಳ್ಳುವುದಿಲ್ಲ.

ಪಾಠದ ಟಿಪ್ಪಣಿಗಳಲ್ಲಿಯೂ ಪ್ರಬಂಧಗಳಲ್ಲಿಯೂ ಇಂತಹ ವ್ಯವಸ್ಥೆಯನ್ನು ವಿವರಿಸುವಾಗ ತಮ್ಮ ಸಂಸ್ಥೆಯ ನಿಜಸಂಖ್ಯೆಗಳನ್ನು ಅಚ್ಚುಹಾಕಿಸುವುದು ಸಲ್ಲದು. ಮೇಲೆ ನಾವು ಬಳಸಿದ 192.168 ಎಂದು ಆರಂಭವಾಗುವ ಸಂಖ್ಯೆಗಳು ಒಳಜಾಲಗಳ ಉಪಯೋಗಕ್ಕೆಂದು ಮೀಸಲಾದವು. 1996ರ ನಿಯಮಪತ್ರವು ಇದನ್ನು ವಿಧಿಸಿದೆ. ಸಾರ್ವಜನಿಕ ವಿಳಾಸದ ನಿದರ್ಶನ ಬೇಕಾದಾಗ 192.0.2.0ರಿಂದ 192.0.2.255ರವರೆಗಿನ ಸಂಖ್ಯೆಗಳನ್ನು ಬಳಸಬಹುದು. ಇವು ಉದಾಹರಣೆಗಳಿಗಾಗಿಯೇ ಕಾದಿರಿಸಿದವು, ಯಾವ ಯಂತ್ರಕ್ಕೂ ಕೊಡತಕ್ಕವಲ್ಲ.