ಅಪ್ಪನ ಟೀವಿ, ನನ್ನ ಸೆಮಿಕೋಲನ್

ಕ್ಯಾಂಪಸ್ ಆಯ್ಕೆಯ ಕೋಡಿಂಗ್ ಪರೀಕ್ಷೆಗೆ ಹತ್ತು ದಿನ ಇರುವಾಗ ನನ್ನ ಲ್ಯಾಪ್‌ಟಾಪ್ ಕೈಜಾರಿ ಬಿತ್ತು. ಒಳಗೆಲ್ಲ ಸರಿಯಿತ್ತು, ಪರದೆ ಮಾತ್ರ ಕಪ್ಪು. ಹೊಸ ಪರದೆಯ ದರ ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಲ್‌ನತ್ತ ಕೈ ತೋರಿಸಿ, ‘ಅಷ್ಟು ದೊಡ್ಡದು ಇದೆಯಲ್ಲ, ಅದಕ್ಕೇ ಹಚ್ಚು’ ಎಂದರು. ಕಂತು ಕಟ್ಟಿ ತಂದ 32 ಇಂಚಿನ ಟೀವಿ ಅದು. ಬೇಡ ಎನ್ನಲು ಬಾಯಿ ಬರಲಿಲ್ಲ.

ಎಚ್‌ಡಿಎಂಐ ಕೇಬಲ್ ಚುಚ್ಚಿ ಎರಡು ಅಡಿ ದೂರದಲ್ಲಿ ಕುಳಿತೆ. ಅಕ್ಷರಗಳೆಲ್ಲ ಮಳೆಯಲ್ಲಿ ನೆನೆದಂತೆ! ಸೆಮಿಕೋಲನ್ ಯಾವುದು, ಕೋಲನ್ ಯಾವುದು ತಿಳಿಯದು. ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯ. ‘ಚಿತ್ರ ಸರಿಯಿಲ್ಲ’ ಎಂದಿದ್ದಕ್ಕೆ ಅಪ್ಪನಿಗೆ ಸಿಟ್ಟೇ ಬಂತು. ‘ನನಗೆ ಕನ್ನಡಿ ಹಾಗೆ ಕಾಣುತ್ತಲ್ಲ?’

ಅವರು ಹೇಳಿದ್ದು ಸುಳ್ಳಲ್ಲ. ಅವರು ಕೂರುವುದು ಎಂಟು ಅಡಿ ದೂರದಲ್ಲಿ. ನಮ್ಮದು ‘ಎಚ್‌ಡಿ ರೆಡಿ’ ಟೀವಿ: 1366×768, ಅಂದರೆ ಸುಮಾರು 10.5 ಲಕ್ಷ ಚುಕ್ಕಿ. ಕಾಲೇಜು ಲ್ಯಾಬಿನ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 20 ಲಕ್ಷಕ್ಕೂ ಹೆಚ್ಚು. ಲೆಕ್ಕ ಹಾಕಿದರೆ ಟೀವಿಯಲ್ಲಿ ಇಂಚಿಗೆ 49 ಪಿಕ್ಸೆಲ್, ಮಾನಿಟರಿನಲ್ಲಿ 92. ಟೀವಿಯ ಒಂದೊಂದು ಚುಕ್ಕಿಯೂ ಅರ್ಧ ಮಿಲಿಮೀಟರ್. ಸಾಮಾನ್ಯ ಕಣ್ಣಿಗೆ ಆ ಚುಕ್ಕಿಗಳು ಬೆರೆತು ನುಣುಪಾಗಿ ಕಾಣಲು ಆರು ಅಡಿಯಾದರೂ ದೂರ ಬೇಕು. ಮಾನಿಟರಿಗೆ ಮೂರು ಅಡಿ ಸಾಕು.

ಚುಕ್ಕಿ ಹೆಚ್ಚಿಸಲಾರೆ, ಸರಿ. ಆದರೆ ಟೀವಿ ತಾನಾಗಿ ಮಾಡುತ್ತಿದ್ದ ಕಿತಾಪತಿಯೂ ಕಡಿಮೆಯೇನಿರಲಿಲ್ಲ. ಕೊಳವೆ ಟೀವಿ ಕಾಲದ ಅಭ್ಯಾಸವಾದ ಓವರ್‌ಸ್ಕ್ಯಾನ್‌ನಿಂದ ಚಿತ್ರವನ್ನು ತುಸು ಹಿಗ್ಗಿಸಿ ಅಂಚು ಕತ್ತರಿಸುತ್ತಿತ್ತು. ಮೆನುವಿನಲ್ಲಿ ‘ಸ್ಕ್ರೀನ್ ಫಿಟ್’ ಕೊಟ್ಟಾಗ ಟಾಸ್ಕ್‌ಬಾರ್ ಮರಳಿತು. (ಕೆಲವು ಟೀವಿಗಳಲ್ಲಿ ಇದರ ಹೆಸರು ‘ಜಸ್ಟ್ ಸ್ಕ್ಯಾನ್’.) ಲ್ಯಾಪ್‌ಟಾಪ್ ಕಳಿಸುತ್ತಿದ್ದ 1920×1080 ಚಿತ್ರವನ್ನು ಟೀವಿ ಹಿಂಡಿ ಕುಗ್ಗಿಸುತ್ತಿತ್ತು, ಅದನ್ನು 1366×768ಕ್ಕೆ ಇಳಿಸಿದೆ. ‘ಶಾರ್ಪ್‌ನೆಸ್’ ಏರಿಸಿದಷ್ಟೂ ಅಕ್ಷರಗಳ ಸುತ್ತ ಬಿಳಿ ಗೆರೆ ಹುಟ್ಟುತ್ತಿತ್ತು. ಹೆಸರಿಗೆ ತದ್ವಿರುದ್ಧ! ಅದನ್ನು ತಗ್ಗಿಸಿದ ಮೇಲೆ ಕಣ್ಣಿಗೆ ಹಾಯೆನಿಸಿತು.

ಆದರೂ ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಗಳು ಕದಡಿಕೊಂಡೇ ಇದ್ದವು. ಟೀವಿ ಪ್ರಸಾರದಲ್ಲಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ವಿವರ ನಾಲ್ಕು ಪಿಕ್ಸೆಲ್‌ಗೆ ಒಂದೇ. ಧಾರಾವಾಹಿಯ ಸೀರೆಯಲ್ಲಿ ಅದು ಗೊತ್ತೇ ಆಗದು, ಕೋಡ್‌ನಲ್ಲಿ ರಾಚುತ್ತದೆ. ಎಷ್ಟೋ ಟೀವಿಗಳು ಕಂಪ್ಯೂಟರಿನ ಚಿತ್ರಕ್ಕೂ ಹೀಗೆಯೇ ಮಾಡುತ್ತವೆ. ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಿದ್ದೇ ತಡ, ಕೆಂಪು ತಿಳಿಯಾಯಿತು.

ಕುರ್ಚಿಯನ್ನು ನಾಲ್ಕು ಅಡಿ ಹಿಂದೆ ಸರಿಸಿ, ಅಕ್ಷರ ದೊಡ್ಡದು ಮಾಡಿ, ಅಜ್ಜಿಯ ಧಾರಾವಾಹಿ ಮುಗಿದ ಮೇಲೆ ರಾತ್ರಿ ಒಂದರವರೆಗೂ ಅಭ್ಯಾಸ ಮಾಡಿದೆ. ಪರೀಕ್ಷೆ ಕಾಲೇಜು ಲ್ಯಾಬಿನಲ್ಲಿ ನಡೆಯಿತು. ಮಾನಿಟರಿನ ಸೆಮಿಕೋಲನ್ ಎಷ್ಟು ಚೂಪಾಗಿತ್ತೆಂದರೆ ಚುಚ್ಚೀತು ಅನಿಸಿತು. ಫಲಿತಾಂಶ ಇನ್ನೂ ಬಂದಿಲ್ಲ.

ಮನೆಗೆ ಬಂದರೆ ಅಪ್ಪ ರಿಮೋಟ್ ಹಿಡಿದು ಕಾಯುತ್ತಿದ್ದರು. ‘ಟೀವಿಗೆ ಏನು ಮಾಡಿದೆಯೋ? ಮ್ಯಾಚ್ ಎಲ್ಲ ಸಪ್ಪೆ ಕಾಣ್ತಿದೆ.’ ಸೆಟ್ಟಿಂಗ್ ಮೊದಲಿನಂತೆ ಮಾಡಲು ಮರೆತೇಬಿಟ್ಟಿದ್ದೆ.